ಸವಾರನಿಗೆ ಒಪ್ಪುವ ಸೈಕಲ್ಲು

ರಾಮದುರ್ಗದಿಂದ ಹೊರಟು ಸವದತ್ತಿ, ಬೈಲಹೊಂಗಲಗಳ ಮಾರ್ಗವಾಗಿ ಕಿತ್ತೂರಿಗೆ ಸೈಕಲ್ ಪ್ರವಾಸ ಮಾಡಬಯಸುವ ವಿದ್ಯಾರ್ಥಿಯು ಮೊದಲು ಒಂದು ಲೆಕ್ಕವನ್ನು ಮಾಡಬೇಕು. ನಿಮಿಷಕ್ಕೆ 60 ಸುತ್ತಿನಂತೆ ನಾಲ್ಕು ಗಂಟೆ ತುಳಿದರೆ ಒಂದೊಂದು ಮೊಣಕಾಲೂ 14,400 ಸಲ ಮಡಿಚಿ ನೀಳುವುದು. ಸೀಟಿನ ಎತ್ತರದಲ್ಲಿ ಎರಡು ಬೆರಳಿನಷ್ಟು ತಪ್ಪಿದ್ದರೆ ಆ ತಪ್ಪಿನ ಭಾರವನ್ನೂ ಮೊಣಕಾಲು ಅಷ್ಟೇ ಸಲ ಹೊರಬೇಕಾಗುವುದು.

ಕೊಳ್ಳುವಾಗ ಗಾಲಿಯ ಅಳತೆಯೊಂದನ್ನೇ ಕೇಳಿದರೆ ಸಾಲದು. 28 ಇಂಚಿನ ಗಾಲಿಯ ಸಾಧಾರಣ ಸೈಕಲ್ಲು 22 ಇಂಚಿನ ಚೌಕಟ್ಟಿನಲ್ಲಿಯೂ 24 ಇಂಚಿನ ಚೌಕಟ್ಟಿನಲ್ಲಿಯೂ ಬರುವುದುಂಟು. ಸೀಟಿನಿಂದ ಮುಂದಕ್ಕಿಳಿದು, ಮೇಲಿನ ಅಡ್ಡಕೊಳವೆಯ ಎರಡೂ ಬದಿಗೆ ಪಾದಗಳನ್ನೂರಿ ನಿಂತಾಗ, ಕೊಳವೆಗೂ ತೊಡೆಸಂದಿಗೂ ನಡುವೆ ಮೂರು ನಾಲ್ಕು ಸೆಂಟಿಮೀಟರ್ ತೆರಪಿದ್ದರೆ ಆ ಚೌಕಟ್ಟು ನಮಗೆ ತಕ್ಕುದು.

ಇನ್ನು ಸೀಟಿನ ಎತ್ತರ. ಗೋಡೆಗೆ ಬೆನ್ನೊತ್ತಿ ಬರಿಗಾಲಿನಲ್ಲಿ ನಿಂತು, ತೊಡೆಸಂದಿಗೆ ದಪ್ಪ ಪುಸ್ತಕವೊಂದರ ಅಂಚನ್ನು ಒತ್ತಿ ಹಿಡಿದು, ನೆಲದಿಂದ ಆ ಅಂಚಿನವರೆಗೆ ಅಳೆಯೋಣ. ಅದು 80 ಸೆಂ.ಮೀ. ಎಂದಿಟ್ಟುಕೊಂಡರೆ, 0.883ರಿಂದ ಗುಣಿಸಿದಾಗ 70.6 ಸೆಂ.ಮೀ. ಬರುವುದು. ಕ್ರ್ಯಾಂಕು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರವು ಸುಮಾರು ಇಷ್ಟು. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಬೇರೊಂದು ಪ್ರಮಾಣವನ್ನು ಕೊಟ್ಟರು: ಕೆಳಗಿಳಿದ ಪೆಡಲಿನಿಂದ ಸೀಟಿಗೆ ಕಾಲಿನ ಅಳತೆಯ ಶೇಕಡಾ 109ರಷ್ಟು ದೂರ. ನಮ್ಮ ಉದಾಹರಣೆಯಲ್ಲಿ ಇದು 87.2 ಸೆಂ.ಮೀ.; ಕ್ರ್ಯಾಂಕಿನ ಉದ್ದ 17 ಸೆಂ.ಮೀ. ಕಳೆದರೆ 70.2. ಎರಡು ದಾರಿಗಳೂ ಹೆಚ್ಚುಕಡಮೆ ಒಂದೇ ಸ್ಥಳಕ್ಕೆ ತಲಪಿದುವು!

ಅಳತೆಪಟ್ಟಿ ಇಲ್ಲದವರು ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನಿಡಲಿ. ಆಗ ಕಾಲು ನೆಟ್ಟಗಾಗಬೇಕು. ಅನಂತರ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು 25ರಿಂದ 35 ಅಂಶಗಳಷ್ಟು ಬಾಗಿರುವುದು.

ಇಷ್ಟು ಸೂಕ್ಷ್ಮವೇಕೆ? ಮೊಣಕಾಲು ಒಂದು ಸನ್ನೆ. ಸೀಟು ತಗ್ಗಾದಷ್ಟೂ ಮೊಣಕಾಲು ಹೆಚ್ಚು ಬಾಗಿ, ಪೆಡಲಿನ ಪ್ರತಿಬಲದ ರೇಖೆಯು ಕೀಲಿನಿಂದ ದೂರ ಸರಿಯುವುದು. ಆದರೆ ತೊಡೆಯ ಸ್ನಾಯು ಎಳೆಯುವ ಭುಜದ ಉದ್ದವು ಕೆಲವೇ ಸೆಂಟಿಮೀಟರ್. ಆದುದರಿಂದ ಅಷ್ಟೇ ತುಳಿತಕ್ಕೆ ಸ್ನಾಯು ಹೆಚ್ಚು ಬಿಗಿಯಬೇಕು. ಮಂಡಿಚಿಪ್ಪಿನ ಒತ್ತಡವೂ ಏರುವುದು. ಸೀಟು ಅತಿಯಾಗಿ ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡಿ, ಮಂಡಿಯ ಹಿಂಬದಿ ನೋಯುವುದು. ಸೀಟಿನ ಕಂಬಕ್ಕೆ ಕೊರೆದಿರುವ ಮಿತಿಯ ಗೆರೆಯು ಎಂದೂ ಹೊರಗೆ ಕಾಣಕೂಡದು.

ಹ್ಯಾಂಡಲನ್ನು ಕೊನೆಗೆ ಹೊಂದಿಸಬೇಕು. ಹಿಡಿದಾಗ ಮೊಣಕೈ ತುಸು ಬಾಗಿದ್ದರೆ ರಸ್ತೆಯ ಕುಲುಕಾಟವು ಭುಜಕ್ಕೇರದು. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವುದರಿಂದ ಕಿತ್ತೂರಿನತ್ತ ಸಾಗುವವರಿಗೆ ಅದು ಇದಿರುಗಾಳಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಇದಿರಾದರೆ, ಗಾಳಿಯ ತಡೆ ನಾಲ್ಕು ಪಟ್ಟಾಗುವುದು. ಆಗ ಮೊಣಕೈಗಳನ್ನು ಇನ್ನಷ್ಟು ಮಡಿಚಿ ಮುಂದಕ್ಕೆ ಬಾಗಿದರೆ ಶ್ರಮ ಕಡಮೆಯಾಗುವುದು.

ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಅಸಂಖ್ಯ ಮಕ್ಕಳಿಗೆ ಸೈಕಲ್ಲು ದೊರಕಿತು. ಆದರೆ ಒಂದೇ ತರಗತಿಯ ಮಕ್ಕಳ ಕಾಲಿನ ಅಳತೆ ಒಂದೇ ಅಲ್ಲ; ಬೆಳೆಯುವ ವಯಸ್ಸಿನಲ್ಲಿ ಒಬ್ಬನ ಅಳತೆಯೇ ವರ್ಷವರ್ಷಕ್ಕೆ ಬದಲಾಗುವುದು. ಹೊಸದನ್ನು ಕೊಳ್ಳಲಾಗದವರೂ ಒಂದು ಪಾನಾ, ಐದು ನಿಮಿಷದ ಬಿಡುವು ಇದ್ದರೆ ಇದ್ದ ಸೈಕಲ್ಲನ್ನೇ ತಮ್ಮದಾಗಿಸಿಕೊಳ್ಳಬಹುದು.