ಎನ್‌ಕೆಎಕ್ಸ್ ೨-೫

ಎನ್‌ಕೆಎಕ್ಸ್ ೨-೫ ಎಂಬುದು ಹೃದಯದ ರಚನೆ ಮತ್ತು ಬಡಿತದ ಲಯ ಎರಡಕ್ಕೂ ಅಗತ್ಯವಾದ ಒಂದು ಪ್ರತಿಲೇಖನ ಅಂಶ, ಅಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಡಿಎನ್‌ಎಯ ನಿರ್ದಿಷ್ಟ ಸ್ಥಾನಗಳಿಗೆ ಅಂಟಿಕೊಂಡು, ಯಾವ ವಂಶವಾಹಿಯು ಯಾವ ಜೀವಕೋಶದಲ್ಲಿ ಎಷ್ಟರಮಟ್ಟಿಗೆ ಕಾರ್ಯನಿರ್ವಹಿಸಬೇಕೆಂಬುದನ್ನು ನಿಯಂತ್ರಿಸುವ ಪ್ರೋಟೀನುಗಳಿಗೆ ಈ ಹೆಸರಿದೆ. ಮಾನವನಲ್ಲಿ ಎನ್‌ಕೆಎಕ್ಸ್ ೨-೫ರ ವಂಶವಾಹಿಯು ೫ನೆಯ ವರ್ಣತಂತುವಿನ ಉದ್ದನೆಯ ಬಾಹುವಿನಲ್ಲಿದೆ.

ಹಿನ್ನೆಲೆ

ಹಣ್ಣಿನ ನೊಣದಲ್ಲಿ ಇದಕ್ಕೆ ಸಂವಾದಿಯಾದ ವಂಶವಾಹಿಯನ್ನು 'ಟಿನ್‌ಮ್ಯಾನ್' ಎನ್ನುತ್ತಾರೆ. ಫ್ರಾಂಕ್ ಬಾಮ್ ಅವರ ಮಕ್ಕಳ ಕಾದಂಬರಿಯಲ್ಲಿ ಬರುವ, ಹೃದಯವಿಲ್ಲದ ತಗಡಿನ ಮನುಷ್ಯನಿಂದ ಈ ಹೆಸರು ಬಂದಿದೆ. ಈ ವಂಶವಾಹಿ ಇಲ್ಲದ ನೊಣದ ಭ್ರೂಣದಲ್ಲಿ ಹೃದಯವೇ ರೂಪುಗೊಳ್ಳುವುದಿಲ್ಲವೆಂದು ೧೯೯೩ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಲಿಯಲ್ಲಿ ಪರಿಣಾಮ ತುಸು ಭಿನ್ನ. ಹೃದಯದ ನಾಳವು ಮೂಡಿದರೂ ಅದು ಸರಿಯಾಗಿ ಬಾಗಿ ಕೋಣೆಗಳಾಗಿ ಬೆಳೆಯುವುದಿಲ್ಲ. ಭ್ರೂಣವು ಗರ್ಭದಲ್ಲಿಯೇ ಸಾಯುತ್ತದೆ.

ಕಾರ್ಯ

ಎನ್‌ಕೆಎಕ್ಸ್ ೨-೫ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಗಾಟಾ ೪ ಮತ್ತು ಟಿಬಿಎಕ್ಸ್ ೫ ಎಂಬ ಇತರ ಪ್ರತಿಲೇಖನ ಅಂಶಗಳ ಜೊತೆಗೂಡಿ ಅದು ಹೃದಯಸ್ನಾಯುವಿಗೆ ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಹೃದಯದ ನಡುಗೋಡೆಗಳ ಬೆಳವಣಿಗೆಯಲ್ಲಿಯೂ, ಬಡಿತದ ವಿದ್ಯುತ್ ಸಂಕೇತವನ್ನು ಸಾಗಿಸುವ ವಾಹಕ ಅಂಗಾಂಶದ ರಚನೆಯಲ್ಲಿಯೂ ಅದರ ಪಾತ್ರವಿದೆ. ಜನನಾನಂತರವೂ ಈ ಅಂಗಾಂಶವು ಸುಸ್ಥಿತಿಯಲ್ಲಿರಲು ಅದು ಅವಶ್ಯಕ.

ರೋಗಗಳು

ಈ ವಂಶವಾಹಿಯ ದೋಷದಿಂದ ಮಾನವನಲ್ಲಿ ಹೃದ್ರೋಗ ಉಂಟಾಗುತ್ತದೆಂಬುದು ೧೯೯೮ರಲ್ಲಿ ಕೆಲವು ಕುಟುಂಬಗಳ ಅಧ್ಯಯನದಿಂದ ತಿಳಿದುಬಂದಿತು. ಈ ಕುಟುಂಬಗಳಲ್ಲಿ ಹೃತ್ಕರ್ಣಗಳ ನಡುಗೋಡೆಯಲ್ಲಿ ರಂಧ್ರವೂ, ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಾಗುವ ವಿದ್ಯುತ್ ಸಂಕೇತದಲ್ಲಿ ತಡೆಯೂ ಕಂಡುಬಂದವು. ಫ್ಯಾಲೋ ಚತುಷ್ಟಯದಂತಹ ಇತರ ನ್ಯೂನತೆಗಳೂ ಕೆಲವರಲ್ಲಿ ಇರುತ್ತವೆ. ತಂದೆ ಅಥವಾ ತಾಯಿಯಿಂದ ಬಂದ ಒಂದೇ ಪ್ರತಿಯಲ್ಲಿ ದೋಷವಿದ್ದರೂ ರೋಗ ಬರಬಹುದು. ದೋಷವುಳ್ಳವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಶೇ. ೫೦. ಆದರೆ ಹುಟ್ಟಿನಿಂದ ಬರುವ ಹೃದ್ರೋಗಗಳಲ್ಲಿ ಅಲ್ಪ ಭಾಗಕ್ಕೆ ಮಾತ್ರ ಈ ವಂಶವಾಹಿ ಕಾರಣ.

ವೈದ್ಯಕೀಯ ಮಹತ್ವ

ರಂಧ್ರವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಆದರೆ ವಂಶವಾಹಿಯ ದೋಷ ಜೀವಕೋಶಗಳಲ್ಲಿ ಹಾಗೆಯೇ ಉಳಿಯುವುದರಿಂದ, ವಿದ್ಯುತ್ ತಡೆಯು ವರ್ಷಗಳು ಕಳೆದಂತೆ ಹೆಚ್ಚುತ್ತ ಹೋಗಬಹುದು. ಗಮನಿಸದೆ ಬಿಟ್ಟರೆ ಹಠಾತ್ ಮರಣವೂ ಸಂಭವಿಸಬಹುದು. ಆದ್ದರಿಂದ ಇಂತಹ ರೋಗಿಗಳಿಗೆ ಜೀವನಪರ್ಯಂತ ನಿಯಮಿತ ಇಸಿಜಿ ಪರೀಕ್ಷೆಯೂ, ಅಗತ್ಯವಾದಾಗ ಪೇಸ್‌ಮೇಕರ್ ಅಳವಡಿಕೆಯೂ ಬೇಕಾಗುತ್ತದೆ. ಯಾವ ಲಕ್ಷಣವೂ ಇಲ್ಲದ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸುವುದರಿಂದ ಅಪಾಯವನ್ನು ಮುಂಚಿತವಾಗಿಯೇ ಗುರುತಿಸಲು ಸಾಧ್ಯವಾಗುತ್ತದೆ.