ಕಪ್ಪಾದ ಮುಖಕ್ಕೆ ರಿಫ್ಲೆಕ್ಟರ್

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ದಡದ ಮೇಲೆ, ಇಳಿಹೊತ್ತಿನ ಸೂರ್ಯ ಬೆನ್ನಿಗೆ ಬರುವಂತೆ ಅಜ್ಜಿಯನ್ನು ನಿಲ್ಲಿಸಿ ಫೋಟೋ ತೆಗೆದರೆ ಹೊಳೆ ಥಳಥಳಿಸುತ್ತದೆ, ಮುಖ ಮಸಿಯಾಗುತ್ತದೆ. ಮನೆಯಲ್ಲಿ ಉಳಿಯುವ ಒಂದೇ ಚಿತ್ರ ಹೀಗಾದರೆ ಮೊಮ್ಮಕ್ಕಳು ಯಾರ ಮುಖ ನೋಡಬೇಕು? ಬಿದ್ದ ಬೆಳಕನ್ನು ಎದುರಿನಿಂದ ಮುಖಕ್ಕೆ ಮರಳಿಸುವ ಹಲಗೆಗೇ ಛಾಯಾಗ್ರಾಹಕರು ‘ರಿಫ್ಲೆಕ್ಟರ್’ ಎನ್ನುವುದು. ಒಗೆದ ಬಿಳಿಯ ಪಂಚೆಯನ್ನು ಇಬ್ಬರು ಹಿಡಿದು ನಿಂತರೂ ಸಾಕು. ಬಣ್ಣದ ಸೀರೆ ಮಾತ್ರ ಬೇಡ. ಮುಖಕ್ಕೂ ಅದೇ ಬಣ್ಣ ಬಂದೀತು!

ಈ ಉಪಾಯವನ್ನೇ ಹಿರಿದಾಗಿ ಬಳಸಿದವರು ಮೈಸೂರಿನ ವಿ. ಕೆ. ಮೂರ್ತಿ. ೧೯೫೯ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಅವರು ದೊಡ್ಡ ಕನ್ನಡಿಗಳೆರಡರಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಆ ಬೆಳಕಿನ ಕಂಬವನ್ನು ರಸಿಕರು ಇಂದಿಗೂ ನೆನೆಯುತ್ತಾರೆ. ಅಜ್ಜಿಗಾದರೆ ಪಂಚೆಯೇ ಲೇಸು. ಕನ್ನಡಿ ಹಿಡಿದರೆ ಕಣ್ಣು ಮುಚ್ಚಿಬಿಡುತ್ತಾಳೆ.