ಗೆಲುವಿನಲ್ಲಿ ಮುಗಿಯದ ಕಥೆ: ‘ದ ರಿಟರ್ನ್ ಆಫ್ ದ ಕಿಂಗ್’

ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ಮೂರನೆಯ ಹಾಗೂ ಕೊನೆಯ ಸಂಪುಟ ‘ದ ರಿಟರ್ನ್ ಆಫ್ ದ ಕಿಂಗ್’. ಇದು ಪ್ರಕಟವಾದದ್ದು 1955ರ ಅಕ್ಟೋಬರ್ 20ರಂದು. ಮೊದಲೆರಡು ಸಂಪುಟಗಳು 1954ರ ಜುಲೈ ಮತ್ತು ನವೆಂಬರ್‌ನಲ್ಲೇ ಬಂದಿದ್ದವು. ಎರಡನೆಯದು ಮುಗಿಯುವಾಗ ಕಥಾನಾಯಕ ಫ್ರೋಡೊ ಶತ್ರುಗಳ ಕೈಗೆ ಸಿಕ್ಕಿರುತ್ತಾನೆ. ಮುಂದೇನಾಯಿತೆಂದು ತಿಳಿಯಲು ಓದುಗರು ಸುಮಾರು ಹನ್ನೊಂದು ತಿಂಗಳು ಕಾದರು. ತಡವಾಗಲು ಮುಖ್ಯ ಕಾರಣ, ವಂಶಾವಳಿ, ಕಾಲಗಣನೆ, ಲಿಪಿ, ಭಾಷೆಗಳನ್ನು ವಿವರಿಸುವ ಅನುಬಂಧಗಳು.

ಟೋಲ್ಕಿನ್ ಬರೆದದ್ದು ಆರು ಭಾಗಗಳ ಒಂದೇ ಕಾದಂಬರಿ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಕಾಗದ ದುಬಾರಿಯಾಗಿದ್ದರಿಂದ ಪ್ರಕಾಶಕರು ಅದನ್ನು ಮೂರಾಗಿ ಒಡೆದರು. ಈ ಸಂಪುಟದ ಹೆಸರೇ ಕಥೆಯ ಗುಟ್ಟು ಬಿಟ್ಟುಕೊಡುತ್ತದೆಂದು ಟೋಲ್ಕಿನ್ ಅವರಿಗೆ ಅಸಮಾಧಾನವಿತ್ತು. ‘ದ ವಾರ್ ಆಫ್ ದ ರಿಂಗ್’ ಎಂಬುದು ಅವರ ಆಯ್ಕೆಯಾಗಿತ್ತು.

ಇದರಲ್ಲಿರುವುದು ಐದು ಮತ್ತು ಆರನೆಯ ಭಾಗಗಳು. ಐದನೆಯದು ಯುದ್ಧದ ಕಥೆ. ದುಷ್ಟಶಕ್ತಿ ಸೌರಾನ್‌ನ ಸೇನೆ ಗೊಂಡೋರ್ ರಾಜ್ಯದ ರಾಜಧಾನಿ ಮಿನಾಸ್ ತಿರಿತ್‌ಗೆ ಮುತ್ತಿಗೆ ಹಾಕುತ್ತದೆ. ಆ ಸೇನೆಯ ನಾಯಕನನ್ನು ಯಾವ ಪುರುಷನೂ ಕೊಲ್ಲಲಾರನೆಂಬ ಭವಿಷ್ಯವಾಣಿ ಇರುತ್ತದೆ. ಹಿರಣ್ಯಕಶಿಪುವಿನ ವರದಲ್ಲಿದ್ದಂತೆ ಇಲ್ಲಿಯೂ ಮಾತಿನಲ್ಲೊಂದು ಸಂದು ಉಳಿದಿರುತ್ತದೆ: ಗಂಡುವೇಷದಲ್ಲಿ ರಣರಂಗಕ್ಕೆ ಬಂದ ಎಯೋವಿನ್ ಎಂಬ ಯುವತಿ, ಹಾಬಿಟ್ ಎಂಬ ಕುಳ್ಳ ಜನಾಂಗದ ಮೆರ್ರಿಯ ನೆರವಿನಿಂದ ಅವನನ್ನು ಕೊಲ್ಲುತ್ತಾಳೆ. ರಾಜವಂಶದ ವಾರಸುದಾರ ಅರಗಾರ್ನ್ ಸಕಾಲಕ್ಕೆ ಬಂದು ನಗರ ಉಳಿಯುತ್ತದೆ. ಆದರೆ ಸೌರಾನ್‌ನನ್ನು ಸೈನ್ಯಬಲದಿಂದ ಸೋಲಿಸಲಾಗದು; ಅವನ ಶಕ್ತಿಯಡಗಿರುವ, ಫ್ರೋಡೊ ಹೊತ್ತೊಯ್ಯುತ್ತಿರುವ ಉಂಗುರ ನಾಶವಾಗಬೇಕು. ಅವನ ಗಮನ ಫ್ರೋಡೊನ ಕಡೆ ಹರಿಯದಿರಲೆಂದು ಅರಗಾರ್ನ್ ಸಣ್ಣ ಪಡೆಯೊಂದಿಗೆ ಶತ್ರುವಿನ ಹೆಬ್ಬಾಗಿಲಿಗೇ ಹೋಗುತ್ತಾನೆ.

ಆರನೆಯ ಭಾಗದಲ್ಲಿ ಸ್ಯಾಮ್ ತನ್ನ ಯಜಮಾನ ಫ್ರೋಡೊನನ್ನು ಬಿಡಿಸಿ, ಬಳಲಿದಾಗ ಹೊತ್ತುಕೊಂಡು, ಉಂಗುರವನ್ನು ನಾಶಮಾಡಬೇಕಾದ ಅಗ್ನಿಪರ್ವತದವರೆಗೆ ಕರೆದೊಯ್ಯುತ್ತಾನೆ. ಅಲ್ಲಿ ಫ್ರೋಡೊ ಸೋಲುತ್ತಾನೆ. ಉಂಗುರವನ್ನು ಬೆಂಕಿಗೆಸೆಯಲಾರದೆ ಅದು ತನ್ನದೆಂದು ಸಾರಿ ಬೆರಳಿಗೆ ತೊಡುತ್ತಾನೆ. ಅದಕ್ಕಾಗಿಯೇ ಬೆನ್ನುಹತ್ತಿದ್ದ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಕಿತ್ತು, ಕಾಲುಜಾರಿ ಉಂಗುರದೊಡನೆ ಬೆಂಕಿಗೆ ಬೀಳುತ್ತಾನೆ. ಕೊಲ್ಲುವ ಅವಕಾಶವಿದ್ದಾಗಲೂ ಫ್ರೋಡೊನ ಹಿರಿಯ ಬಂಧು ಬಿಲ್ಬೊ, ಫ್ರೋಡೊ ಮತ್ತು ಸ್ಯಾಮ್ ಬೇರೆ ಬೇರೆ ಸಂದರ್ಭಗಳಲ್ಲಿ ಗೊಲ್ಲಮ್‌ನನ್ನು ಬಿಟ್ಟುಬಿಟ್ಟಿದ್ದರು. ಕೊನೆಗೆ ಲೋಕವನ್ನು ಕಾಯುವುದು ನಾಯಕನ ಶೌರ್ಯವಲ್ಲ, ಹಿಂದೆಂದೋ ತೋರಿದ ಆ ಕರುಣೆ.

ಉಂಗುರ ನಾಶವಾದ ಮೇಲೂ ಕಥೆ ಹಲವು ಅಧ್ಯಾಯ ಮುಂದುವರಿಯುತ್ತದೆ. ಅರಗಾರ್ನ್ ಪಟ್ಟವೇರಿ ಪ್ರೇಯಸಿ ಆರ್ವೆನ್‌ಳನ್ನು ಮದುವೆಯಾಗುತ್ತಾನೆ. ಊರಿಗೆ ಮರಳಿದ ಫ್ರೋಡೊ, ಸ್ಯಾಮ್ ಮೊದಲಾದ ಹಾಬಿಟ್‌ಗಳಿಗೆ ಕಾಣುವುದು ಕಡಿದ ಮರಗಳು, ಹೊಗೆಯುಗುಳುವ ಕಟ್ಟಡಗಳು, ಪುಂಡರ ದರ್ಬಾರು. ತಮ್ಮ ನೆಲವನ್ನು ಅವರೇ ಕಾದಾಡಿ ಬಿಡಿಸಿಕೊಳ್ಳುತ್ತಾರೆ. ಸ್ಯಾಮ್ ಸಸಿ ನೆಟ್ಟು ಸಂಸಾರ ಹೂಡಿದರೆ, ಮಾಯದ ಗಾಯಗಳ ಫ್ರೋಡೊಗೆ ಊರಿನಲ್ಲಿ ನೆಮ್ಮದಿಯಿಲ್ಲ. ಹಡಗು ಹತ್ತಿ ಶಾಶ್ವತವಾಗಿ ಹೊರಟುಹೋಗುತ್ತಾನೆ. ಟೋಲ್ಕಿನ್ ಸ್ವತಃ 1916ರ ಸೊಮ್ ಕದನದಲ್ಲಿದ್ದವರು; ಗೆದ್ದವರೂ ಮೊದಲಿನಂತೆ ಮರಳುವುದಿಲ್ಲವೆಂಬ ಅರಿವು ಈ ಅಧ್ಯಾಯಗಳಲ್ಲಿದೆ.

ಈ ಸಂಪುಟವನ್ನು ಆಧರಿಸಿದ, ಪೀಟರ್ ಜಾಕ್ಸನ್ ನಿರ್ದೇಶನದ 2003ರ ಚಲನಚಿತ್ರ ನಾಮನಿರ್ದೇಶನಗೊಂಡ 11 ವಿಭಾಗಗಳಲ್ಲೂ ಆಸ್ಕರ್ ಗೆದ್ದಿತು. ಆದರೆ ಹಾಬಿಟ್‌ಗಳು ತಮ್ಮ ಊರನ್ನು ಬಿಡಿಸಿಕೊಳ್ಳುವ ಅಧ್ಯಾಯವನ್ನು ಅದು ಕೈಬಿಟ್ಟಿದೆ. ಯುದ್ಧದ ಕೇಡು ಯೋಧರ ಮನೆಬಾಗಿಲಿಗೂ ಬರುತ್ತದೆಂಬ ಈ ಭಾಗ ಬೇಕೆಂದರೆ ಪುಸ್ತಕವನ್ನೇ ಓದಬೇಕು.